ಅಳತೆ ಬರೆದವನೇ ತೀರ್ಪು ಕೊಡಬಹುದೇ?

ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮರುವರ್ಷ, ಅಂದರೆ 1998ರ ಬೇಸಿಗೆ. ಹೊಸರಿತ್ತಿಯ ಸಮೀಪದ ಹಳ್ಳವೊಂದಕ್ಕೆ ಕಿರುಸೇತುವೆ ಕಟ್ಟುವ ಕಾಮಗಾರಿ ನನ್ನ ವಿಭಾಗಕ್ಕೆ ಸೇರಿತ್ತು. ವರದಾ ನದಿಯ ಆಸುಪಾಸಿನ ನೆಲವನ್ನು ಬಲ್ಲವರಿಗೆ ಅದರ ಸ್ವಭಾವ ಗೊತ್ತು. ಮೇಲೆ ಎರೆ ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಪದರು ಪದರಾಗಿ ಮಲಗಿರುವ ಧಾರವಾಡ ಶ್ರೇಣಿಯ ಕಲ್ಲು. ಈ ಪದರುಗಲ್ಲಿನ ಗುಣ ವಿಚಿತ್ರವಾದುದು. ಒಂದು ಮೊಳ ಹಾರೆಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ಮುಂದಿನ ಮೊಳ ಉಳಿ ಸುತ್ತಿಗೆಗೂ ಬಗ್ಗುವುದಿಲ್ಲ. ಭೂವಿಜ್ಞಾನಿಗಳು ಈ ಭಾಗದ ಶಿಲಾಸಮೂಹವೊಂದಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಗುತ್ತಿಗೆದಾರರಿಗೂ ಎಂಜಿನಿಯರುಗಳಿಗೂ ಜಗಳ ಹುಟ್ಟುವುದು ಇಂಥ ನೆಲದಲ್ಲಿಯೇ. ಟೆಂಡರಿನಲ್ಲಿ ಮೃದು ಬಂಡೆಯ ಅಗೆತಕ್ಕೆ ಒಂದು ದರ. ಗಟ್ಟಿ ಬಂಡೆಯ ಅಗೆತಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ಇನ್ನೊಂದು ದರ.

ಕಿರಿಯ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ‘ಮೃದು ಬಂಡೆ’ ಎಂದು ಬರೆದರು. ನಾನು ಸ್ಥಳಕ್ಕೆ ಹೋಗಿ ತಾಳೆ ನೋಡಿ ಸಹಿ ಮಾಡಿದೆ. ಮುಂಗಾರು ಹತ್ತಿರವಿತ್ತು, ನಾಲ್ಕೇ ದಿನದಲ್ಲಿ ಅಡಿಪಾಯಕ್ಕೆ ಕಾಂಕ್ರೀಟು ಬಿತ್ತು. ಬಿಲ್ಲು ಕೈಗೆ ಬಂದಾಗ ಗುತ್ತಿಗೆದಾರ ತಕರಾರು ತೆಗೆದ. ಅಗೆದದ್ದರಲ್ಲಿ ಮುಕ್ಕಾಲು ಪಾಲು ಗಟ್ಟಿ ಬಂಡೆ, ಸುಮಾರು ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ ಕಡಿಮೆ ಬಿದ್ದಿದೆ ಎಂಬುದು ಅವನ ವಾದ. ಕರಾರಿನ ಪ್ರಕಾರ ಅಗೆತದ ವರ್ಗೀಕರಣದಲ್ಲಿ ಕಾರ್ಯಪಾಲಕ ಎಂಜಿನಿಯರರ ತೀರ್ಮಾನವೇ ಅಂತಿಮ. ಆ ಕಾರ್ಯಪಾಲಕ ಎಂಜಿನಿಯರ್ ನಾನೇ. ಅವನ ಅರ್ಜಿಯನ್ನು ನಾನೇ ಓದಿದೆ, ನಾನು ಸಹಿ ಮಾಡಿದ ಅಳತೆ ಪುಸ್ತಕವನ್ನು ನಾನೇ ಪರಿಶೀಲಿಸಿದೆ, ಅದರಲ್ಲಿ ತಪ್ಪೇನೂ ಇಲ್ಲವೆಂದು ನಾನೇ ಹಿಂಬರಹ ಕೊಟ್ಟೆ. ಹಿಂಬರಹ ಕೈಯಲ್ಲಿ ಹಿಡಿದು ಅವನು ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಸಾಹೇಬ್ರ, ಕಲ್ಲು ಒಡದವ್ರು ನಾವು, ಬರದವ್ರು ನೀವು. ನ್ಯಾಯಾ ಹೇಳೋರೂ ನೀವ ಅಂದ್ರ, ನಾ ಯಾರ ಕಡೆ ಹೋಗ್ಲಿರಿ?”

ನಾನು ಅಪ್ರಾಮಾಣಿಕನಾಗಿರಲಿಲ್ಲ. ಈ ಮಾತನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ಲಂಚಕೋರ ಅಧಿಕಾರಿಯನ್ನು ಹಿಡಿಯಲು ಲೋಕಾಯುಕ್ತವಿದೆ. ತಾನು ಸರಿಯೆಂದು ನಂಬಿಯೇ ಕುಳಿತಿರುವ ಅಧಿಕಾರಿಯ ತೀರ್ಮಾನವನ್ನು ಪ್ರಶ್ನಿಸಲು ಸಣ್ಣ ಗುತ್ತಿಗೆದಾರನಿಗೆ ಕೈಗೆಟಕುವ ಜಾಗ ಯಾವುದು? ಕಲ್ಲು ಒಡೆಯಲು ಬೇರೆ ತಾಲ್ಲೂಕಿನಿಂದ ಬಂದಿದ್ದ ಆಳುಗಳು ಕೂಲಿಗಾಗಿ ಸಂತೆಯ ದಿನ ಅವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರೆಂದು ಆಮೇಲೆ ತಿಳಿಯಿತು. ಸೇತುವೆಯ ಮೇಲ್ಚಾವಣಿ ಆ ವರ್ಷ ಮುಗಿಯಲಿಲ್ಲ. ಮಳೆಗಾಲವಿಡೀ ಶಾಲೆಯ ಮಕ್ಕಳು ಹಳ್ಳ ದಾಟಲು ಸುತ್ತು ಬಳಸಿ ನಡೆದರು.

ಆ ವರ್ಷ ಮೇ 1ರಂದೇ ಇಂಗ್ಲೆಂಡಿನಲ್ಲಿ ಒಂದು ಹೊಸ ವ್ಯವಸ್ಥೆ ಜಾರಿಗೆ ಬಂದಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ನಿವೃತ್ತಿಯ ಬಳಿಕ ಕಾನೂನು ಓದುವಾಗ. ಅಲ್ಲಿನ ಸಂಸತ್ತು 1996ರಲ್ಲಿ ಅಂಗೀಕರಿಸಿದ ನಿರ್ಮಾಣ ಕರಾರುಗಳ ಕಾನೂನು, ಕಾಮಗಾರಿಯ ಯಾವ ಹಂತದಲ್ಲಿ ತಂಟೆ ಎದ್ದರೂ ಅದನ್ನು ಸ್ವತಂತ್ರ ‘ಅಡ್ಜುಡಿಕೇಟರ್’ ಒಬ್ಬನ ಮುಂದಿಡುವ ಹಕ್ಕನ್ನು ಎರಡೂ ಪಕ್ಷಗಳಿಗೆ ಕೊಟ್ಟಿತು. ತಂಟೆ ಕೈಗೆ ಬಂದ 28 ದಿನಗಳಲ್ಲಿ ಅವನು ನಿರ್ಣಯ ಕೊಡಬೇಕು. ಒಪ್ಪದವರು ಮುಂದೆ ಕೋರ್ಟಿಗಾಗಲಿ ಆರ್ಬಿಟ್ರೇಷನ್‌ಗಾಗಲಿ ಹೋಗಬಹುದು. ಆದರೆ ಅಲ್ಲಿಯವರೆಗೆ ಆ ನಿರ್ಣಯವನ್ನು ಪಾಲಿಸಲೇಬೇಕು. ಮೊದಲು ಹಣ, ಆಮೇಲೆ ವಾದ. ಅಡ್ಜುಡಿಕೇಟರನನ್ನು ನಾನು ಇಲ್ಲಿ ‘ನಿರ್ಣಾಯಕ’ ಎಂದು ಕರೆಯುತ್ತೇನೆ. ಅವನು ಆರ್ಬಿಟ್ರೇಟರ್ ಅಲ್ಲ, ನ್ಯಾಯಾಧೀಶನಂತೂ ಅಲ್ಲ. ಕೆಲಸ ನಿಲ್ಲದಂತೆ, ಸಾಕ್ಷ್ಯ ಮಣ್ಣು ಪಾಲಾಗದಂತೆ, ತಂಟೆಯನ್ನು ಅದು ಹುಟ್ಟಿದ ಜಾಗದಲ್ಲೇ ಬಗೆಹರಿಸುವವನು.

ನಮ್ಮಲ್ಲಿ ಇಂಥ ಕಾನೂನು ಇಲ್ಲ. ವಿಶ್ವಬ್ಯಾಂಕ್ ನೆರವಿನ ಸಣ್ಣ ಕಾಮಗಾರಿಗಳ ಮಾದರಿ ಟೆಂಡರಿನಲ್ಲಿ ಮಾತ್ರ ಅವನ ಸುಳಿವು ಸಿಗುತ್ತದೆ. ಅಲ್ಲಿ ನಿರ್ಣಾಯಕನನ್ನು ಎರಡೂ ಕಡೆಯವರು ಒಪ್ಪಿ ಮೊದಲೇ ನೇಮಿಸಿಕೊಳ್ಳಬೇಕು. 28 ದಿನಗಳ ಗಡುವು ಅಲ್ಲಿಯೂ ಉಂಟು. ಅವನ ಸಂಭಾವನೆ ಗಂಟೆಯ ಲೆಕ್ಕದಲ್ಲಿ, ಇಬ್ಬರೂ ಸಮನಾಗಿ ಭರಿಸತಕ್ಕದ್ದು. ನಿರ್ಣಯ ಬಂದ 28 ದಿನಗಳೊಳಗೆ ಯಾರೂ ಆರ್ಬಿಟ್ರೇಷನ್‌ಗೆ ಹೋಗದಿದ್ದರೆ ಅದೇ ಅಂತಿಮ. ಓದಲು ಬಲು ಚೆನ್ನಾಗಿದೆ. ಉಳಿದ ಅಸಂಖ್ಯ ಕರಾರುಗಳಲ್ಲಿ ಎಂಜಿನಿಯರನ ಮಾತೇ ಕೊನೆಯ ಮಾತು.

ಈ ‘ಕೊನೆಯ ಮಾತಿ’ನ ಬಗ್ಗೆ ಸುಪ್ರೀಂ ಕೋರ್ಟು ಎಂದೋ ತನ್ನ ಅಭಿಪ್ರಾಯ ಹೇಳಿಯಾಗಿದೆ. ಆ ಪ್ರಕರಣ ಹುಟ್ಟಿದ್ದು ದೂರದಲ್ಲೇನಲ್ಲ, ನಮ್ಮ ತೀರ್ಥಹಳ್ಳಿಯಲ್ಲಿ. ಸರ್ಕಾರಕ್ಕೂ ಅಲ್ಲಿನ ಶ್ರೀ ರಾಮೇಶ್ವರ ರೈಸ್ ಮಿಲ್ಲಿಗೂ ನಡುವಿನ ಭತ್ತ ಗಿರಣಿ ಮಾಡುವ ಕರಾರಿನ ವ್ಯಾಜ್ಯವದು. ಕರಾರು ಮುರಿದದ್ದನ್ನು ಎದುರು ಪಕ್ಷ ಒಪ್ಪದಿರುವಾಗ, ಮುರಿದಿದೆಯೋ ಇಲ್ಲವೋ ಎಂಬುದನ್ನು ಕರಾರಿನ ಒಂದು ಪಕ್ಷವಾದ ಸರ್ಕಾರದ ಅಧಿಕಾರಿಯೇ ತೀರ್ಮಾನಿಸುವಂತಿಲ್ಲ, ಅದನ್ನು ಸ್ವತಂತ್ರ ವ್ಯಕ್ತಿ ಇಲ್ಲವೇ ಸಂಸ್ಥೆ ತೀರ್ಮಾನಿಸಬೇಕು ಎಂದು 1987ರಲ್ಲಿ ನ್ಯಾಯಾಲಯ ಹೇಳಿತು. ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರು 2011ರಲ್ಲಿ ಗುವಾಹಟಿ ವಿಮಾನ ನಿಲ್ದಾಣದ ಕಟ್ಟಡ ಕಾಮಗಾರಿಯ ವ್ಯಾಜ್ಯದಲ್ಲಿ ಈ ತತ್ವವನ್ನು ನಿರ್ಮಾಣ ಕರಾರಿಗೂ ಅನ್ವಯಿಸಿದರು. ವಿಳಂಬಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಇಲಾಖೆಯ ಎಂಜಿನಿಯರನೇ ಇತ್ಯರ್ಥಪಡಿಸಿ ಬಾಗಿಲು ಮುಚ್ಚುವಂತಿಲ್ಲ ಎಂಬುದು ಅದರ ತಾತ್ಪರ್ಯ. ನಾನು ಹಿಂಬರಹ ಬರೆದದ್ದು ತೀರ್ಥಹಳ್ಳಿಯ ತೀರ್ಪು ಬಂದು ಹನ್ನೊಂದು ವರ್ಷಗಳಾದ ಮೇಲೆ. ನಾನು ಅದನ್ನು ಕೇಳಿಯೇ ಇರಲಿಲ್ಲ. ನನ್ನ ಮೇಲಧಿಕಾರಿಗಳೂ ಕೇಳಿರಲಿಲ್ಲ.

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಮತ್ತು ದೀಪಕ್ ಕೇಬಲ್ಸ್ ನಡುವಿನ ವ್ಯಾಜ್ಯದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಎಂಜಿನಿಯರನ ತೀರ್ಮಾನವೇ ಅಂತಿಮ ಎನ್ನುವ ಕಲಮು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲವೆಂದಿತು. ಕಾನೂನಿನ ದೃಷ್ಟಿಯಿಂದ ಸರಿಯಾದ ಮಾತು. ಆದರೆ ಪರಿಣಾಮ ನೋಡಿ: ಎಂಜಿನಿಯರನೂ ಸ್ವತಂತ್ರ ನಿರ್ಣಾಯಕನಲ್ಲ, ಆರ್ಬಿಟ್ರೇಷನ್ ಕೂಡ ಇಲ್ಲ, ಉಳಿದದ್ದು ಸಿವಿಲ್ ಕೋರ್ಟು. ಸಣ್ಣ ಮೊತ್ತಕ್ಕಾಗಿ ಸಿವಿಲ್ ದಾವೆ ಹೂಡಿ ತಾರೀಖಿನಿಂದ ತಾರೀಖಿಗೆ ಅಲೆಯುವ ಗುತ್ತಿಗೆದಾರನಿಗೆ ಮುಂದಿನ ಟೆಂಡರು ಸಿಗುವ ಆಸೆಯೂ ಇರುವುದಿಲ್ಲ. ಆದ್ದರಿಂದ ಅವನು ದಾವೆ ಹೂಡುವುದಿಲ್ಲ. ನಷ್ಟವನ್ನು ಸಿಮೆಂಟಿನಲ್ಲಿ ತೀರಿಸಿಕೊಳ್ಳುತ್ತಾನೆ. ಕಟ್ಟಿದ ಎರಡೇ ಮಳೆಗೆ ಕಿತ್ತುಹೋಗುವ ರಸ್ತೆಗಳ ಹಿಂದೆ ಭ್ರಷ್ಟಾಚಾರವನ್ನಷ್ಟೇ ಹುಡುಕುವ ನಾವು, ಇತ್ಯರ್ಥವಾಗದೆ ಉಳಿದ ಸಣ್ಣಪುಟ್ಟ ತಂಟೆಗಳ ಪಾಲನ್ನು ಗಮನಿಸುವುದಿಲ್ಲ.

ಆರ್ಬಿಟ್ರೇಷನ್ ಇದ್ದರೂ ಅದೇನು ಅಗ್ಗದ ಬಾಬತ್ತಲ್ಲ. 2015ರ ತಿದ್ದುಪಡಿಯೊಂದಿಗೆ ಬಂದ ನಾಲ್ಕನೆಯ ಪರಿಶಿಷ್ಟದ ಮಾದರಿ ದರವನ್ನೇ ಹಿಡಿಯೋಣ. ಐದು ಲಕ್ಷ ರೂಪಾಯಿವರೆಗಿನ ತಗಾದೆಗೆ 45,000 ರೂಪಾಯಿ. ಅದರಾಚೆ ಇಪ್ಪತ್ತು ಲಕ್ಷದವರೆಗೆ ಹೆಚ್ಚುವರಿ ಮೊತ್ತದ ಮೇಲೆ ಶೇಕಡ 3.5. ಒಬ್ಬನೇ ಆರ್ಬಿಟ್ರೇಟರ್ ಆದರೆ ಇದರ ಮೇಲೆ ಶೇಕಡ 25 ಹೆಚ್ಚು. ಅಂದರೆ ಆರು ಲಕ್ಷದ ತಗಾದೆಗೆ 60,625 ರೂಪಾಯಿ. ವಕೀಲರ ಶುಲ್ಕ, ಬೆಂಗಳೂರಿನ ಓಡಾಟ ಬೇರೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಆರ್ಬಿಟ್ರೇಷನ್ ಕೇಂದ್ರ 2012ರಿಂದ ಕೆಲಸ ಮಾಡುತ್ತಿದೆ, ಒಳ್ಳೆಯ ಸಂಸ್ಥೆ. ಆದರೆ ಗುತ್ತಲ, ಹೊಸರಿತ್ತಿ, ಬ್ಯಾಡಗಿಯ ಗುತ್ತಿಗೆದಾರನಿಗೆ ಅದು ಕಾಣುವುದು ದೂರದ ಬೆಟ್ಟದಂತೆಯೇ.

ಹಾಗಾದರೆ ನಿರ್ಣಾಯಕ ಯಾರಾಗಬೇಕು, ಅವನ ಅರ್ಹತೆಗಳೇನು ಎಂಬ ಪ್ರಶ್ನೆಗೆ ಬರೋಣ. ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟು ಹಿಂದೆಗೆದ ಕಥೆ ಸ್ವಾರಸ್ಯವಾಗಿದೆ. ಯಾರು ಆರ್ಬಿಟ್ರೇಟರ್ ಆಗಬಾರದು ಎಂಬುದನ್ನು 2015ರ ತಿದ್ದುಪಡಿ ಏಳನೆಯ ಪರಿಶಿಷ್ಟದಲ್ಲಿ ವಿವರವಾಗಿ ಪಟ್ಟಿ ಮಾಡಿತು. ಪಕ್ಷದ ನೌಕರ, ಸಲಹೆಗಾರ ಅದರ ಮೊದಲ ಸಾಲಿನಲ್ಲೇ ಇದ್ದಾರೆ. ಯಾರು ಆಗಬಹುದು ಎಂಬುದನ್ನು 2019ರ ತಿದ್ದುಪಡಿ ಎಂಟನೆಯ ಪರಿಶಿಷ್ಟದಲ್ಲಿ ಹೇಳಹೊರಟಿತು. ಹತ್ತು ವರ್ಷ ಅನುಭವದ ವಕೀಲ, ಲೆಕ್ಕಪರಿಶೋಧಕ, ಹತ್ತು ವರ್ಷ ಸೇವೆಯ ಎಂಜಿನಿಯರ್ ಹೀಗೆ. ಭಾರತದ ವಕೀಲರ ಕಾಯ್ದೆಯನ್ವಯ ವಕೀಲನಾಗಿರಬೇಕೆಂಬ ಷರತ್ತಿನಿಂದ ವಿದೇಶಿ ತಜ್ಞರು ಹೊರಗುಳಿಯುತ್ತಾರೆಂಬ ಟೀಕೆ ಬಂತು. 2021ರ ತಿದ್ದುಪಡಿ ಆ ಪರಿಶಿಷ್ಟವನ್ನೇ ಕಿತ್ತುಹಾಕಿತು. ಕೆಟ್ಟ ಪಟ್ಟಿ ಹೋಯಿತು, ಒಳ್ಳೆಯ ಪಟ್ಟಿ ಬರಲಿಲ್ಲ. ನೂರಾರು ಕೋಟಿಯ ಅಣೆಕಟ್ಟಿನ ವ್ಯಾಜ್ಯ ತೀರ್ಮಾನಿಸುವವನಿಗೆ ಇಂಥ ಪದವಿ, ಇಂಥ ತರಬೇತಿ ಇರಬೇಕೆಂದು ಆ ಕಾಯ್ದೆ ಈಗ ಕೇಳುವುದಿಲ್ಲ. ಲಾರಿ ಓಡಿಸುವವನಿಗಾದರೂ ಲೈಸೆನ್ಸ್ ಬೇಕು.

ಮಲೇಷ್ಯಾ ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 2012ರ ಅಲ್ಲಿನ ಕಾಯ್ದೆಯಡಿ 2014ರಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ನಿರ್ಣಾಯಕನಿಗೆ ನಿರ್ಮಾಣ ಕ್ಷೇತ್ರದಲ್ಲಿ ಅಥವಾ ಮಾನ್ಯ ಮಾಡಿದ ಬೇರೆ ಕ್ಷೇತ್ರದಲ್ಲಿ ಕನಿಷ್ಠ ಏಳು ವರ್ಷಗಳ ಅನುಭವವಿರಬೇಕು. ವ್ಯಾಜ್ಯ ನಿರ್ಣಯದಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿರಬೇಕು. ದಿವಾಳಿಯಾಗಿರಬಾರದು, ಅಪರಾಧಿಯೆಂದು ಶಿಕ್ಷೆಯಾಗಿರಬಾರದು. ಇಷ್ಟೇ. ಪದವಿಗಿಂತ ಅನುಭವ, ಅನುಭವದ ಜೊತೆಗೆ ತರಬೇತಿ. ಈ ಎರಡನೆಯದರ ಬೆಲೆ ನನಗೆ ಅರಿವಾದದ್ದು ನನ್ನದೇ ತಪ್ಪಿನಿಂದ.

ನಿವೃತ್ತಿಯ ಕೆಲವು ವರ್ಷಗಳ ನಂತರ ಬೇರೊಂದು ಜಿಲ್ಲೆಯ ಕಾಮಗಾರಿಯೊಂದರಲ್ಲಿ ಎರಡೂ ಕಡೆಯವರು ಒಪ್ಪಿ ನನ್ನನ್ನು ನಿರ್ಣಾಯಕನನ್ನಾಗಿ ಮಾಡಿದರು. ಮೂವತ್ತು ವರ್ಷ ಮಣ್ಣು, ಕಲ್ಲು, ಕಾಂಕ್ರೀಟು ನೋಡಿದವನಿಗೆ ಇದೇನು ಮಹಾ ಎಂದುಕೊಂಡೆ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಒಬ್ಬನೇ ಸ್ಥಳಕ್ಕೆ ಹೋಗಿ, ಅಲ್ಲಿದ್ದ ಮೇಸ್ತ್ರಿಯನ್ನು ಮಾತನಾಡಿಸಿ, ತಡೆಗೋಡೆ ಬಿರುಕು ಬಿಟ್ಟಿದ್ದು ಹಿಂಬದಿಯ ಎರೆ ಮಣ್ಣು ಹಿಗ್ಗಿದ್ದರಿಂದ ಎಂದು ತೀರ್ಮಾನಿಸಿಬಿಟ್ಟೆ. ಗುತ್ತಿಗೆದಾರ ಗರಸು ತುಂಬುವ ಬದಲು ಕೈಗೆ ಸಿಕ್ಕ ಎರೆ ಮಣ್ಣು ತುಂಬಿದ್ದ. ಎಂಜಿನಿಯರನಾಗಿ ನನ್ನ ತೀರ್ಮಾನ ಸರಿಯೇ ಇತ್ತೆಂದು ಇಂದಿಗೂ ನಂಬುತ್ತೇನೆ. ನಿರ್ಣಾಯಕನಾಗಿ ಅದು ತಪ್ಪು. ಎರಡೂ ಪಕ್ಷಗಳ ಎದುರಿನಲ್ಲಿ ಸ್ಥಳ ನೋಡಲಿಲ್ಲ. ಮೇಸ್ತ್ರಿ ಹೇಳಿದ್ದನ್ನು ಯಾರಿಗೂ ತಿಳಿಸಲಿಲ್ಲ. ಮಣ್ಣು ಹಿಗ್ಗಿದೆಯೆಂಬ ನನ್ನ ಊಹೆಗೆ ಉತ್ತರ ಕೊಡಲು ಗುತ್ತಿಗೆದಾರನಿಗೆ ಅವಕಾಶವಿತ್ತದ್ದೂ ಇಲ್ಲ. ಅವನ ವಕೀಲರು ಇದನ್ನೇ ಹಿಡಿದು ನಿರ್ಣಯವನ್ನು ಬದಿಗಿರಿಸುವಂತೆ ಮಾಡಿದರು. 1998ರಲ್ಲಿ ಮಾಡಿದ ತಪ್ಪನ್ನೇ ನಾನು ಬೇರೆ ವೇಷದಲ್ಲಿ ಮತ್ತೆ ಮಾಡಿದ್ದೆ. ಆಗ ಅಧಿಕಾರದ ಪೊರೆ ಕಣ್ಣಿಗೆ ಅಡ್ಡವಾಗಿತ್ತು, ಈಗ ತಿಳಿವಳಿಕೆಯ ಪೊರೆ.

ಆದ್ದರಿಂದ ನಿವೃತ್ತ ಮುಖ್ಯ ಎಂಜಿನಿಯರ್ ಆಗಿದ್ದರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ನಿವೃತ್ತ ನ್ಯಾಯಾಧೀಶರಾದರೆ ಸಾಕೆಂಬ ವಾದವನ್ನೂ ಒಪ್ಪಲಾರೆ. ನ್ಯಾಯಾಧೀಶರಿಗೆ ಇಬ್ಬರ ಮಾತನ್ನೂ ಸಮನಾಗಿ ಕೇಳುವ ಅಭ್ಯಾಸ ರಕ್ತಗತವಾಗಿರುತ್ತದೆ. ಕಾರಣ ಕೊಟ್ಟು ಬರೆಯುವ ಶಿಸ್ತೂ ಇರುತ್ತದೆ. ಆದರೆ ಅಳತೆ ಪುಸ್ತಕ ಅವರ ಕೈಯಲ್ಲಿ ಬರೀ ಕಾಗದ. ಅಳತೆ ಪುಸ್ತಕವನ್ನು ಓದುವುದೇ ಒಂದು ವಿದ್ಯೆ. ಅಳತೆ ತೆಗೆದ ದಿನಾಂಕ ಯಾವುದು, ತಾಳೆ ನೋಡಿದ ದಿನಾಂಕ ಯಾವುದು, ಕಾಂಕ್ರೀಟು ಹಾಕಿದ ದಿನಾಂಕ ಯಾವುದು, ಈ ಮೂರನ್ನು ಅಕ್ಕಪಕ್ಕ ಇಟ್ಟರೆ ಅರ್ಧ ಕಥೆ ಹೊರಬೀಳುತ್ತದೆ. ಒಂದೇ ಶಾಯಿಯಲ್ಲಿ, ಒಂದೇ ಕೂತಲ್ಲಿ ಬರೆದ ಇಪ್ಪತ್ತು ದಿನಗಳ ಅಳತೆ ಕಣ್ಣಿಗೆ ಹೊಡೆಯುತ್ತದೆ. ತಿದ್ದಿದ ಅಂಕಿಯ ಪಕ್ಕದಲ್ಲಿ ಸಹಿ ಇದೆಯೇ, ಗುತ್ತಿಗೆದಾರ ಆಕ್ಷೇಪವಿಲ್ಲದೆ ಒಪ್ಪಿಗೆ ಹಾಕಿದ್ದಾನೆಯೇ, ಅಥವಾ ‘ಆಕ್ಷೇಪಕ್ಕೊಳಪಟ್ಟು’ ಎಂದು ಬರೆದಿದ್ದಾನೆಯೇ ಎಂಬುದರ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುತ್ತದೆ.

ಹೊಸರಿತ್ತಿಯ ಹಳ್ಳದ ವಿಷಯದಲ್ಲಿ ಅಳತೆ ಪುಸ್ತಕವಲ್ಲದೆ ಇನ್ನೊಂದು ಸಾಕ್ಷ್ಯವೂ ಇತ್ತು. ಅದು ನನಗೆ ಹೊಳೆದದ್ದು ಹತ್ತು ವರ್ಷಗಳ ಮೇಲೆ. ಅಗೆದು ತೆಗೆದ ಕಲ್ಲನ್ನು ಗುತ್ತಿಗೆದಾರ ಹಳ್ಳದ ದಂಡೆಗೆ ಪಿಚಿಂಗ್ ಮಾಡಲು ರಾಶಿ ಹಾಕಿದ್ದ. ಮೃದು ಬಂಡೆ ಬಿಸಿಲು ಮಳೆಗೆ ಚೂರಾಗಿ ಉದುರುತ್ತದೆ, ಪಿಚಿಂಗ್‌ಗೆ ನಿಲ್ಲುವುದಿಲ್ಲ. ಆ ಕಲ್ಲು ಪಿಚಿಂಗ್‌ಗೆ ಒದಗಿತೆಂದ ಮೇಲೆ ಅದರಲ್ಲಿ ಗಟ್ಟಿ ಬಂಡೆಯ ಪಾಲು ಇದ್ದೇ ಇತ್ತು. ರಾಶಿಯನ್ನು ಅಳೆದು, ಕಲ್ಲುಗಳ ನಡುವಿನ ಖಾಲಿ ಜಾಗವನ್ನು ಕಳೆದರೆ ಗಟ್ಟಿ ಬಂಡೆಯ ಪ್ರಮಾಣ ಬಹುಮಟ್ಟಿಗೆ ಸಿಗುತ್ತಿತ್ತು. ಅದೇ ಬೇಸಿಗೆಯಲ್ಲಿ, ನನಗೂ ಅವನಿಗೂ ಸಂಬಂಧವಿಲ್ಲದ ತಿಳಿವಳಿಕಸ್ಥನೊಬ್ಬ ಬಂದು ಒಂದು ಟೇಪು ಹಿಡಿದಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ನಿರ್ಮಾಣ ವ್ಯಾಜ್ಯಗಳ ವಿಶೇಷವೇ ಇದು: ಇಲ್ಲಿ ಸಾಕ್ಷ್ಯ ಹೂತುಹೋಗುತ್ತದೆ, ಅಕ್ಷರಶಃ. ಐದು ವರ್ಷಗಳ ಮೇಲೆ ವಿಚಾರಣೆಗೆ ಕೂರುವ ಎಂಥ ವಿದ್ವಾಂಸನೂ ಕಾಂಕ್ರೀಟಿನ ಕೆಳಗೆ ಇಣುಕಲಾರ. 28 ದಿನಗಳ ಗಡುವು ಅವಸರದ ಗಡುವಲ್ಲ, ಸಾಕ್ಷ್ಯದ ಆಯುಷ್ಯಕ್ಕೆ ತಕ್ಕ ಗಡುವು.

ಕಾಲದ ಲೆಕ್ಕ ಅಳತೆಗಿಂತಲೂ ಕಷ್ಟದ್ದು. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ದಂಡೆಯ ಹೊಲ ಊರುಗಳಿಗೆ ನುಗ್ಗಿದ್ದನ್ನು ಹಾವೇರಿಯ ಜನ ಮರೆತಿಲ್ಲ. ಅಂಥ ವರ್ಷದಲ್ಲಿ ಗುತ್ತಿಗೆದಾರ ‘ನೆರೆಯಿಂದ ತಡವಾಯಿತು’ ಎನ್ನುತ್ತಾನೆ. ಇಲಾಖೆ ‘ನೆರೆಗೆ ಮುಂಚೆಯೇ ನೀನು ಮಲಗಿದ್ದೆ’ ಎನ್ನುತ್ತದೆ. ಹಲವು ಸಲ ಎರಡೂ ನಿಜವಿರುತ್ತದೆ. ನದಿಯ ಕಂಬಗಳ ಕೆಲಸಕ್ಕೆ ನಮ್ಮಲ್ಲಿ ಸಿಗುವುದು ಬೇಸಿಗೆಯ ನಾಲ್ಕೈದು ತಿಂಗಳು. ಇಲಾಖೆ ನಕ್ಷೆ ಕೊಡಲು ಫೆಬ್ರವರಿಯಲ್ಲಿ ಒಂದು ತಿಂಗಳು ತಡಮಾಡಿದರೆ ನಷ್ಟವಾಗುವುದು ಒಂದು ತಿಂಗಳಲ್ಲ, ಇಡೀ ವರ್ಷ. ಯಾವ ಕೆಲಸ ನಿಂತರೆ ಯಾವುದೆಲ್ಲ ನಿಲ್ಲುತ್ತದೆಂಬ ಸರಪಳಿಯನ್ನು ಬಿಡಿಸಬಲ್ಲವನು ಮಾತ್ರ ದಂಡ ಹಾಕಬೇಕೋ ಪರಿಹಾರ ಕೊಡಬೇಕೋ ಎಂದು ಹೇಳಬಲ್ಲ. ಜೊತೆಗೆ ಅವನಿಗೆ ಕರಾರನ್ನು ಇದ್ದಂತೆ ಓದುವ ಸಂಯಮ ಬೇಕು. ಇಬ್ಬರಿಗೂ ಸ್ವಲ್ಪ ಸ್ವಲ್ಪ ಕೊಟ್ಟು ಕಳಿಸುವ ಊರ ಹಿರಿಯರ ರೀತಿ ರಾಜಿ ಸಂಧಾನಕ್ಕೆ ಸರಿ, ನಿರ್ಣಯಕ್ಕೆ ಸಲ್ಲದು. ಐವತ್ತು ಕೊಟ್ಟರೆ ಇಬ್ಬರೂ ಸುಮ್ಮನಾಗುತ್ತಾರೆಂದು ಐವತ್ತು ಕೊಡುವವನ ಮುಂದೆ, ಮುಂದಿನ ಸಲ ಗುತ್ತಿಗೆದಾರ ಇನ್ನೂರು ಕೇಳುತ್ತಾನೆ.

ಭಾಷೆಯ ಮಾತನ್ನೂ ಹೇಳಿಬಿಡುತ್ತೇನೆ. ಆರ್ಬಿಟ್ರೇಷನ್ ಕಾಯ್ದೆಯ 22ನೆಯ ಕಲಮು ಯಾವ ಭಾಷೆಯಲ್ಲಿ ವಿಚಾರಣೆ ನಡೆಯಬೇಕೆಂಬುದನ್ನು ಪಕ್ಷಗಳಿಗೇ ಬಿಟ್ಟಿದೆ. ಆದರೂ ಕನ್ನಡದಲ್ಲಿ ಬರೆದ ಒಂದು ತೀರ್ಪನ್ನು ನಾನು ಕಂಡಿಲ್ಲ. ಸ್ಥಳದ ದಿನಚರಿ ಕನ್ನಡದಲ್ಲಿ, ಮೇಸ್ತ್ರಿಯ ಕೈಚೀಟಿ ಕನ್ನಡದಲ್ಲಿ, ಜಗಳ ನಡೆದದ್ದು ಅಪ್ಪಟ ಹಾವೇರಿ ಕನ್ನಡದಲ್ಲಿ. ನಿರ್ಣಯ ಮಾತ್ರ ಸೋತವನಿಗೆ ತಾನೇಕೆ ಸೋತೆನೆಂದು ತಿಳಿಯದ ಭಾಷೆಯಲ್ಲಿ. ಕಾರಣ ಅರ್ಥವಾದವನು ಮೇಲ್ಮನವಿಗೆ ಹೋಗುವ ಸಾಧ್ಯತೆ ಕಡಿಮೆ. ನಮ್ಮ ಜಿಲ್ಲೆಗಳ ನಿರ್ಣಾಯಕನಿಗೆ ಗರಸು, ಎರೆ, ಪದರುಗಲ್ಲು ಎಂಬ ಮಾತುಗಳು ತಿಳಿದಿರುವುದೂ ಒಂದು ಅರ್ಹತೆಯೇ.

ಇಷ್ಟೆಲ್ಲ ಅರ್ಹತೆಗಳ ಮೇಲೆ, ಅಥವಾ ಇವೆಲ್ಲಕ್ಕಿಂತ ಮೊದಲು, ಅವನು ಯಾರ ಕಡೆಯವನೂ ಅಲ್ಲವೆಂಬುದು ಕಣ್ಣಿಗೆ ಕಾಣಬೇಕು. ದೆಹಲಿ ಮೆಟ್ರೊದ ಪ್ರಕರಣವೊಂದರಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು, ನಿವೃತ್ತ ಸರ್ಕಾರಿ ಎಂಜಿನಿಯರುಗಳು ನಿವೃತ್ತರೆಂಬ ಕಾರಣಕ್ಕೇ ಅನರ್ಹರಲ್ಲವೆಂದಿತು. ಆದರೆ ಪಟ್ಟಿಯಲ್ಲಿ ಬರೀ ಅವರೇ ತುಂಬಿಕೊಳ್ಳದೆ ಅದು ವಿಶಾಲವಾಗಿರಬೇಕೆಂದೂ ಎಚ್ಚರಿಸಿತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಇನ್ನೂ ಮುಂದೆ ಹೋಗಿ, ಸರ್ಕಾರಿ ಸಂಸ್ಥೆ ತನ್ನಿಷ್ಟದವರನ್ನು ಏಕಪಕ್ಷೀಯವಾಗಿ ಆರ್ಬಿಟ್ರೇಟರನ್ನಾಗಿ ನೇಮಿಸುವ ಕಲಮುಗಳು ಸಮಾನತೆಯ ಹಕ್ಕಿಗೆ ವಿರುದ್ಧ ಎಂದಿತು. ಕಾಯ್ದೆಯ ಐದನೆಯ ಪರಿಶಿಷ್ಟ ಒಂದು ಸಣ್ಣ, ಆದರೆ ಬುದ್ಧಿವಂತ ಪರೀಕ್ಷೆಯನ್ನು ಕೊಟ್ಟಿದೆ. ಹಿಂದಿನ ಮೂರು ವರ್ಷಗಳಲ್ಲಿ ಅದೇ ಪಕ್ಷ ಎರಡು ಅಥವಾ ಹೆಚ್ಚು ಬಾರಿ ನೇಮಿಸಿದ್ದ ವ್ಯಕ್ತಿಯಾದರೆ ಅದು ಅನುಮಾನಕ್ಕೆ ಆಸ್ಪದ. ಇಲಾಖೆಗಳ ಖಾಯಂ ಹೆಸರುಗಳ ಪಟ್ಟಿಯ ಮೇಲೆ ಈ ಪರೀಕ್ಷೆ ನಡೆಸಿದರೆ ಎಷ್ಟು ಜನ ಉಳಿದಾರು!

ಒಂದು ಆಕ್ಷೇಪವನ್ನು ನಾನು ನಿರೀಕ್ಷಿಸುತ್ತೇನೆ. ಇದು ಇನ್ನೊಂದು ಮೆಟ್ಟಿಲು ಅಷ್ಟೇ. ಎಂಜಿನಿಯರ್, ನಿರ್ಣಾಯಕ, ಆರ್ಬಿಟ್ರೇಟರ್, ಜಿಲ್ಲಾ ಕೋರ್ಟು, ಹೈಕೋರ್ಟು ಎಂದು ದಾರಿ ಉದ್ದವಾಗುತ್ತದೆ ಎಂಬುದು. ನಿರ್ಣಯಕ್ಕೆ ತಕ್ಷಣ ಪಾಲಿಸಬೇಕಾದ ಬಲ ಇಲ್ಲದಿದ್ದರೆ ಈ ಆಕ್ಷೇಪ ಸರಿ. ಆ ಬಲ ಬರಲು ಅಡ್ಡಿಯಾಗಿರುವುದು ಕಾನೂನಿಗಿಂತ ಹೆಚ್ಚಾಗಿ ಅಧಿಕಾರಿಯ ಭಯ. ಲೆಕ್ಕಪರಿಶೋಧಕರ ಆಕ್ಷೇಪಕ್ಕೆ ಹೆದರುವ ಕಾರ್ಯಪಾಲಕ ಎಂಜಿನಿಯರ್ ಹೊರಗಿನವನ ಮಾತಿಗೆ ಒಂದು ರೂಪಾಯಿಯನ್ನೂ ಬಿಚ್ಚುವುದಿಲ್ಲ. ‘ಕೋರ್ಟು ಹೇಳಿದರೆ ಕೊಡುತ್ತೇವೆ’ ಎನ್ನುತ್ತಾನೆ, ನಾನೂ ಎಷ್ಟೋ ಸಲ ಹೇಳಿದ್ದೇನೆ. ಈ ಭಯದ ಬೆಲೆ ಸರ್ಕಾರಕ್ಕೂ ಗೊತ್ತಿದೆ. ಗೊತ್ತಿರುವುದರಿಂದಲೇ ಕೇಂದ್ರ ಸಂಪುಟ ಸಮಿತಿ 2016ರಲ್ಲಿ, ಆರ್ಬಿಟ್ರೇಷನ್ ತೀರ್ಪನ್ನು ಪ್ರಶ್ನಿಸಿದರೂ ಬ್ಯಾಂಕ್ ಖಾತರಿಯ ಮೇಲೆ ಶೇಕಡ 75ರಷ್ಟು ಹಣ ಕೊಡಬೇಕೆಂದು ತೀರ್ಮಾನಿಸಿತು. ಸಣ್ಣ ಗುತ್ತಿಗೆದಾರನಿಗೆ ಆ ಬ್ಯಾಂಕ್ ಖಾತರಿ ಯಾರು ಕೊಡುತ್ತಾರೆಂಬುದು ಬೇರೆ ಪ್ರಶ್ನೆ. ಇನ್ನು 2024ರ ಜೂನಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಕರಾರುಗಳಲ್ಲಿ ಆರ್ಬಿಟ್ರೇಷನ್ ಕಲಮನ್ನು ರೂಢಿಯಂತೆ ಸೇರಿಸಬೇಡಿ, ಹತ್ತು ಕೋಟಿಗಿಂತ ಕಡಿಮೆ ಮೊತ್ತದ ತಂಟೆಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ, ಸಂಧಾನಕ್ಕೆ ಒತ್ತು ಕೊಡಿ ಎಂದು ಹೇಳಿದೆ. ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುವಾಗ ಕಿಟಕಿಯನ್ನಾದರೂ ತೆರೆಯಬೇಡವೇ?

ರಾಜ್ಯ ಸರ್ಕಾರ ಇದನ್ನು ದೆಹಲಿಗಾಗಿ ಕಾಯದೆ ಮಾಡಬಹುದು. ಟೆಂಡರ್ ಮಾದರಿಗಳು ರಾಜ್ಯದವೇ. ಅವುಗಳಲ್ಲಿ ನಿರ್ಣಾಯಕನ ಕಲಮು ಸೇರಿಸಲು ಸಂಸತ್ತು ಬೇಕಿಲ್ಲ. ಜಿಲ್ಲೆಗೊಂದು ಪಟ್ಟಿ ಇರಲಿ. ಅದನ್ನು ಇಲಾಖೆ ಮಾಡುವುದು ಬೇಡ. ಜಿಲ್ಲಾ ನ್ಯಾಯಾಧೀಶರು, ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರು ಸೇರಿ ಪರೀಕ್ಷೆಯಿಟ್ಟು ಮಾಡಲಿ. ಹಾವೇರಿಯ ಪಕ್ಕದ ದೇವಗಿರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯವಿದೆ. ಇವೆರಡೂ ಸೇರಿ ಆರು ತಿಂಗಳ ಪಾಠವೊಂದನ್ನು ರೂಪಿಸುವುದು ಅಸಾಧ್ಯವೇನಲ್ಲ. ಎಂಜಿನಿಯರುಗಳಿಗೆ ಇಬ್ಬರನ್ನೂ ಕೇಳುವುದನ್ನು, ವಕೀಲರಿಗೆ ಅಳತೆ ಪುಸ್ತಕ ಓದುವುದನ್ನು ಕಲಿಸಲಿ. ಪಟ್ಟಿಯಲ್ಲಿ ಬೇರೆ ಜಿಲ್ಲೆಯವರ ಹೆಸರೂ ಇರಲಿ, ಸ್ವಂತ ಜಿಲ್ಲೆಯಲ್ಲಿ ಸೇವೆ ಮಾಡಿದವರ ಹೆಸರು ಕೆಲವು ವರ್ಷ ಬೇಡ. ನನ್ನ ಹೆಸರು ಹಾವೇರಿಯ ಪಟ್ಟಿಯಲ್ಲಿ ಬಂದರೆ ನಾನೇ ಆಕ್ಷೇಪಿಸುತ್ತೇನೆ. ನಿರ್ಣಯದಂತೆ ಹಣ ಕೊಟ್ಟ ಅಧಿಕಾರಿಯ ಮೇಲೆ ಲೆಕ್ಕಪರಿಶೋಧನೆಯ ಹೊಣೆ ಬೀಳದೆಂಬ ಒಂದು ಸಾಲಿನ ಆದೇಶ ಇದರ ಜೊತೆಗೇ ಬರಬೇಕು. ಅದಿಲ್ಲದೆ ಉಳಿದದ್ದೆಲ್ಲ ಕಾಗದ.

ಹೊಸರಿತ್ತಿಯ ಆ ಗುತ್ತಿಗೆದಾರ ಈಗಿಲ್ಲ. ಅವನ ಮಗ ಸಿವಿಲ್ ಓದಿ ಅದೇ ಕಸುಬು ಹಿಡಿದಿದ್ದಾನೆ. ಕಳೆದ ವರ್ಷ ಹೊರಸಾಲದ ನೆರವಿನ ಕಾಮಗಾರಿಯೊಂದರ ಕರಾರುಪತ್ರ ಹಿಡಿದು, “ಅಂಕಲ್, ಸಹಿ ಹಾಕೂದಕ್ಕ ಮೊದ್ಲ ಒಮ್ಮೆ ನೋಡ್ರಿ” ಎಂದು ಮನೆಗೆ ಬಂದಿದ್ದ. ನಿರ್ಣಾಯಕರ ಹೆಸರು ಬರೆಯಬೇಕಾದ ಸಾಲು ಖಾಲಿ ಇತ್ತು. ಆಮೇಲೆ ತುಂಬಿಸಿಕೊಳ್ಳುತ್ತೇವೆಂದು ಕಚೇರಿಯಲ್ಲಿ ಹೇಳಿದರಂತೆ. ಸಹಿಗೆ ಮೊದಲೇ ತುಂಬಿಸುವಂತೆ, ಮೂರು ಹೆಸರು ಸೂಚಿಸಿ ಪತ್ರ ಬರೆಯಲು ಹೇಳಿದೆ. ಬರೆದ. ಉತ್ತರ ಬರುವ ಹೊತ್ತಿಗೆ ಅವನು ಅಡಿಪಾಯ ಅಗೆದು, ಮೂರು ಮೀಟರಿನ ಕೆಳಗೆ ಪದರುಗಲ್ಲನ್ನು ಕಂಡಿದ್ದ.